ಮೊದಲು ಕುರ್ಚಿ ಮಗುಚಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೇ ಮೆತ್ತೆ ಕುರ್ಚಿಗಳ ಬಗ್ಗೆಯೇ ಇದ್ದವು. ಹಾಗಾಗಿ ಬೇರೆ ಸಾಮಾನುಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಕಂತು ಪೂರ್ತಿ ಕುರ್ಚಿಗೇ ಬಿಟ್ಟಿದ್ದೇನೆ. ಮೊದಲ ಪತ್ರಕ್ಕೆ ಉತ್ತರ ಉದ್ದವಾಗಿದೆ. ಉಳಿದವರ ಅರ್ಧ ಅನುಮಾನಗಳಿಗೂ ಉತ್ತರ ಅಲ್ಲೇ ಇದೆ, ದಯವಿಟ್ಟು ಅದನ್ನು ಬಿಟ್ಟು ಮುಂದೆ ಹೋಗಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಒಂದು ದೊಡ್ಡ ಮೆತ್ತೆ ಕುರ್ಚಿ ಇದೆ. ಕಾಲುಗಳು ಬಾಗಿವೆ. ಸೀಟಿನ ಮುಂದಿನ ಪಟ್ಟಿಯ ನಡುವೆ ಎರಡು ಹೂ ಕೆತ್ತಿದ್ದಾರೆ. ಕೈಗಳ ಕೆಳಗಿನ ಜಾಗವೂ ಬಟ್ಟೆಯಿಂದ ಮುಚ್ಚಿದೆ, ಸೀಟಿನ ಮೇಲೆ ಬಿಡಿ ದಿಂಬು ಇದೆ. ಹಸಿರು ವೆಲ್ವೆಟ್ ಸವೆದುಹೋಗಿದೆ, ಎಡಗಡೆ ಮೂಲೆಯಲ್ಲಿ ಹರಿದೂ ಇದೆ. ಫ್ರಾನ್ಸಿನ ಹದಿನೈದನೇ ಲೂಯಿ ಕಾಲದ್ದು ಅಂತ ಮನೆಯವರೆಲ್ಲ ಹೇಳುತ್ತಾರೆ. ಕುಶನ್ ಕೆಲಸದವರು ಎಲ್ಲಾ ಕಿತ್ತು ಫೋಮ್ ಹಾಕೋಣ ಅನ್ನುತ್ತಿದ್ದಾರೆ. ಫೋಟೊ ಕಳಿಸಿದ್ದೇನೆ. ನಿಜಕ್ಕೂ ಅಷ್ಟು ಹಳೇದಾ? ಬಿಚ್ಚಿಸಬಹುದಾ?

ಉತ್ತರ: ಬಿಚ್ಚಿಸಬೇಡಿ. ಇನ್ನೂ ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕುರ್ಚಿಯ ಹೆಸರು. ಕೈಗಳ ಕೆಳಗೆ ಬಟ್ಟೆ ಮುಚ್ಚಿದ್ದು, ಬಿಡಿ ದಿಂಬು ಇದ್ದರೆ ಫ್ರೆಂಚರು ಅದನ್ನು ಬೆರ್ಜೇರ್ ಅನ್ನುತ್ತಾರೆ. ಕೈಗಳ ಕೆಳಗೆ ಖಾಲಿ ಬಿಟ್ಟಿದ್ದರೆ ಫೋತೈ. ನಿಮ್ಮದು ಬೆರ್ಜೇರ್. ಬಾಗಿದ ಕಾಲು, ಹೂವಿನ ಕೆತ್ತನೆ, ಎಲ್ಲೂ ನೇರ ಗೆರೆ ಇಲ್ಲದ ಚೌಕಟ್ಟು, ಇವೆಲ್ಲ ಹದಿನೈದನೇ ಲೂಯಿ ಶೈಲಿಯ ಗುರುತುಗಳು. ಅಷ್ಟರ ಮಟ್ಟಿಗೆ ಮನೆಯವರು ಹೇಳಿದ್ದು ಸರಿ. ಆದರೆ ಶೈಲಿ ಬೇರೆ, ವಯಸ್ಸು ಬೇರೆ. ಆ ರಾಜ ಆಳಿದ್ದು 1715ರಿಂದ 1774ರವರೆಗೆ. ಅವನು ಸತ್ತು ಮುಕ್ಕಾಲು ಶತಮಾನ ಕಳೆದ ಮೇಲೆ, ಮೂರನೇ ನೆಪೋಲಿಯನ್ ಚಕ್ರವರ್ತಿಯಾಗಿದ್ದ 1852ರಿಂದ 1870ರ ಅವಧಿಯಲ್ಲಿ ಇದೇ ಶೈಲಿಯ ಹುಚ್ಚು ಜನಕ್ಕೆ ಮತ್ತೆ ಹಿಡಿಯಿತು. ಲೆಕ್ಕವಿಲ್ಲದಷ್ಟು ಕುರ್ಚಿಗಳು ತಯಾರಾದವು. 20ನೇ ಶತಮಾನದಲ್ಲೂ ನಿಲ್ಲಲಿಲ್ಲ, ಈಗಲೂ ಮಾಡುತ್ತಾರೆ. ಆದ್ದರಿಂದ ಮುಂದುಗಡೆಯಿಂದ ತೆಗೆದ ಫೋಟೊ ನೋಡಿ ಯಾರಾದರೂ ಇದು 18ನೇ ಶತಮಾನದ್ದೇ ಅಂತ ಖಡಾಖಂಡಿತವಾಗಿ ಹೇಳಿದರೆ ಆ ಮಾತನ್ನು ಅಲ್ಲೇ ಬಿಟ್ಟುಬಿಡಿ.

ಬಟ್ಟೆಯಂತೂ ಏನೂ ಹೇಳಲ್ಲ. ಕುರ್ಚಿಗೆ ಬಟ್ಟೆ ಅಂದರೆ ನಮಗೆ ಅಂಗಿ ಇದ್ದ ಹಾಗೆ, ಇನ್ನೂರು ವರ್ಷದಲ್ಲಿ ಎಷ್ಟು ಸಲ ಬದಲಾಗಿರುತ್ತೋ. ಹೇಳೋದೇನಿದ್ದರೂ ಮರವೇ ಹೇಳಬೇಕು. ಮರ ಮಾತಾಡೋದು ಅಡಿಭಾಗದಲ್ಲಿ. ಯಾಕೆಂದರೆ ಮೇಲೆ ಪಾಲಿಶ್ ಮಾಡುತ್ತಾರೆ, ಕೆತ್ತನೆ ತಿದ್ದುತ್ತಾರೆ, ಬಣ್ಣ ಬಳಿಯುತ್ತಾರೆ. ಅಡಿಗೆ ಯಾರೂ ಕೈ ಹಾಕಲ್ಲ.

ನೀವು ಮಾಡಬೇಕಾದ್ದು ಇಷ್ಟು. ನೆಲಕ್ಕೆ ದಪ್ಪ ಕಂಬಳಿ ಹಾಸಿ, ಇಬ್ಬರು ಸೇರಿ ಸೀಟಿನ ಚೌಕಟ್ಟು ಹಿಡಿದು ಕುರ್ಚಿಯನ್ನು ಮೆಲ್ಲಗೆ ಮಗುಚಿ. ಕೈ ಹಿಡಿದು ಎತ್ತಬೇಡಿ, ಹಳೇ ಕುರ್ಚಿಯಲ್ಲಿ ಮೊದಲು ಸಡಿಲವಾಗೋದೇ ಆ ಕೀಲು. ಅಡಿಯಲ್ಲಿ ತೆಳುವಾದ ಕಪ್ಪು ಬಟ್ಟೆ ಹೊಡೆದಿರಬಹುದು. ಅದು ಧೂಳು ಬೀಳದಿರಲಿ ಅಂತ ಹಾಕಿದ್ದು, ಸಾಮಾನ್ಯವಾಗಿ ಇತ್ತೀಚಿನದು. ಹಿಂದಿನ ಒಂದು ಮೂಲೆಯಲ್ಲಿ ನಾಲ್ಕೈದು ಮೊಳೆ ಕಿತ್ತರೆ ಸಾಕು, ಟಾರ್ಚ್ ಬಿಟ್ಟು ನೋಡಬಹುದು. ಟಾರ್ಚನ್ನು ನೇರ ಹಿಡಿಯಬೇಡಿ, ಮರದ ಮೈಗೆ ಒರಗಿದ ಹಾಗೆ ಓರೆಯಾಗಿ ಹಿಡಿಯಿರಿ. ಉಳಿಯ ಗುರುತು, ಗರಗಸದ ಗೆರೆ ಎಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ.

ನೀವು ಕಳಿಸಿದ ಆರನೇ ಫೋಟೊ ಅಂಥದ್ದೇ. ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿದ್ದು ಅದು. ಅದರಲ್ಲಿ ಸ್ಪ್ರಿಂಗ್ ಕಾಣುತ್ತಿವೆ. ಸುರುಳಿ ಸ್ಪ್ರಿಂಗ್ ಕುರ್ಚಿಯೊಳಗೆ ಬಂದಿದ್ದು 19ನೇ ಶತಮಾನದಲ್ಲಿ. ವಿಯೆನ್ನಾದಲ್ಲಿ ಗಿಯೋರ್ಗ್ ಯುನಿಗ್ಲ್ 1822ರಲ್ಲಿ ಪೇಟೆಂಟ್ ಪಡೆದರು, ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಪ್ರಾಟ್ 1828ರಲ್ಲಿ. ಆಮೇಲೆ ಒಂದೆರಡು ದಶಕದಲ್ಲಿ ಎಲ್ಲೆಡೆ ಹಬ್ಬಿತು. ಅದಕ್ಕೂ ಮುಂಚೆ ನವಾರಿನ ಮೇಲೆ ಬಟ್ಟೆ, ಅದರ ಮೇಲೆ ಕುದುರೆ ಕೂದಲು, ಅಷ್ಟೇ.

ಹಾಗಂತ ಸ್ಪ್ರಿಂಗ್ ಕಂಡ ಕೂಡಲೇ ತೀರ್ಪು ಕೊಡೋ ಹಾಗಿಲ್ಲ. 18ನೇ ಶತಮಾನದ ಎಷ್ಟೋ ಕುರ್ಚಿಗಳಿಗೆ ನಂತರದವರು ಸುಖಕ್ಕೆ ಅಂತ ಸ್ಪ್ರಿಂಗ್ ಕೂರಿಸಿದ್ದಾರೆ. ಇದನ್ನು ಪತ್ತೆ ಹಚ್ಚೋದು ಮೊಳೆಯ ತೂತುಗಳಿಂದ. ಸ್ಪ್ರಿಂಗ್ ಇಲ್ಲದ ಸೀಟಿಗೆ ನವಾರನ್ನು ಚೌಕಟ್ಟಿನ ಪಟ್ಟಿಗಳ ಮೇಲ್ಮೈಗೆ ಹೊಡೆಯುತ್ತಿದ್ದರು. ಸ್ಪ್ರಿಂಗ್ ಹಾಕಬೇಕಾದರೆ ಆಳ ಬೇಕು, ಅದಕ್ಕೆ ನವಾರನ್ನು ಪಟ್ಟಿಗಳ ಕೆಳಮೈಗೆ ಹೊಡೆಯುತ್ತಾರೆ. ಮೇಲೂ ಹಳೇ ತೂತು, ಕೆಳಗೂ ತೂತು ಇದ್ದರೆ ಕುರ್ಚಿ ಮೊದಲು ಸ್ಪ್ರಿಂಗ್ ಇಲ್ಲದೆಯೇ ಇತ್ತು ಅಂತ ಅರ್ಥ. ಕೆಳಗಿನ ತೂತು ಮಾತ್ರ ಇದ್ದರೆ ಅದು ಹುಟ್ಟಿದ್ದೇ ಸ್ಪ್ರಿಂಗ್ ಕುರ್ಚಿಯಾಗಿ. ನಿಮ್ಮ ವೆಲ್ವೆಟ್ ಎಡಗಡೆ ಮೂಲೆಯಲ್ಲಿ ಹರಿದಿದೆ ಅಂದಿರಿ ಅಲ್ವಾ, ಆ ಸಂದಿಯಲ್ಲೇ ತೆಗೆದ ಎಂಟನೇ ಫೋಟೊದಲ್ಲಿ ಪಟ್ಟಿಯ ಮೇಲ್ಮೈ ಕಾಣುತ್ತಿದೆ. ಬಟ್ಟೆಗೆ ಹೊಡೆದ ಸಣ್ಣ ಮೊಳೆಗಳ ಸಾಲು ಇದೆ, ನವಾರಿನ ದಪ್ಪ ಮೊಳೆಗಳ ಗುಂಪು ಇಲ್ಲ. ಒಂದೇ ಮೂಲೆ ನೋಡಿ ಹೇಳುತ್ತಿದ್ದೇನೆ ಅನ್ನೋದು ನೆನಪಿರಲಿ. ಆದರೆ ಉಳಿದ ಸಾಕ್ಷಿಗಳೂ ಆ ಕಡೆಗೇ ವಾಲುತ್ತಿವೆ.

ಒಂದು, ಗರಗಸದ ಗೆರೆ. ಹಿಂದಿನ ಪಟ್ಟಿಯ ಒಳಮೈಯಲ್ಲಿ ಬಿಲ್ಲಿನಂತೆ ಬಾಗಿದ ಗೆರೆಗಳು ಸಮ ಅಂತರದಲ್ಲಿವೆ. ಅವು ಚಕ್ರಗರಗಸದ ಗುರುತು, 19ನೇ ಶತಮಾನದವು. ಕೈಗರಗಸದಲ್ಲಿ ಕೊಯ್ದಿದ್ದರೆ ಗೆರೆ ನೇರವಾಗಿ, ಒಂದು ಅಗಲ ಒಂದು ಕಿರಿದು ಅಂತ ಏರುಪೇರಾಗಿರುತ್ತಿತ್ತು.

ಎರಡು, ಗೋಣಿಬಟ್ಟೆ. ಸ್ಪ್ರಿಂಗ್ ಮೇಲೆ ಹಾಸಿರೋದು ಸೆಣಬಿನ ಬಟ್ಟೆ. ಸೆಣಬನ್ನು ಯಂತ್ರದಲ್ಲಿ ನೂಲೋದು ಸ್ಕಾಟ್ಲೆಂಡಿನ ಡಂಡೀ ಊರಲ್ಲಿ ಶುರುವಾಗಿದ್ದು 1830ರ ದಶಕದಲ್ಲಿ. ಅದಕ್ಕೂ ಮುಂಚೆ ಈ ಜಾಗದಲ್ಲಿ ಅಗಸೆ ನಾರಿನ ಒರಟು ಬಟ್ಟೆ ಇರುತ್ತಿತ್ತು. ಒಳಗಿನ ಕೆಲಸ ಎಲ್ಲ ಒಂದೇ ಸಲ ಆದ ಹಾಗಿದೆ, ನಡುವೆ ಯಾರೂ ಬಿಚ್ಚಿದ ಲಕ್ಷಣ ಇಲ್ಲ. ಹಾಗಿದ್ದರೆ ಈ ಬಟ್ಟೆ ಕುರ್ಚಿಯ ವಯಸ್ಸನ್ನೇ ಹೇಳುತ್ತಿದೆ.

ಮೂರು, ಮೂಲೆಯಲ್ಲಿ ತ್ರಿಕೋನಾಕಾರದ ಮರದ ತುಂಡು ಇಟ್ಟು ಸ್ಕ್ರೂ ಹಾಕಿದ್ದಾರೆ. ಒಂದು ಸ್ಕ್ರೂ ಬಿಚ್ಚಿ ಇಂಚುಪಟ್ಟಿಯ ಪಕ್ಕ ಇಟ್ಟು ಫೋಟೊ ತೆಗೆದಿದ್ದೀರಿ, ಶಭಾಷ್. ಅದರ ತುದಿ ಚೂಪಾಗಿದೆ. ಕೈಯಲ್ಲಿ ಮಾಡಿದ ಹಳೇ ಸ್ಕ್ರೂಗಳ ತುದಿ ಮೊಂಡು, ತಲೆಯ ಸೀಳು ನಡುವಿಂದ ಕೊಂಚ ಆಚೀಚೆ, ಸುತ್ತುಗಳೂ ಒಂದೇ ಸಮ ಇರಲ್ಲ. ಚೂಪು ತುದಿಯ ಯಂತ್ರದ ಸ್ಕ್ರೂ ಬಂದಿದ್ದು 1840ರ ದಶಕದ ಕೊನೆಗೆ. ಪ್ಯಾರಿಸ್ಸಿನ 18ನೇ ಶತಮಾನದ ಬಡಗಿಗಳು ಇಂಥ ಮೂಲೆತುಂಡುಗಳ ಗೋಜಿಗೆ ಸಾಮಾನ್ಯವಾಗಿ ಹೋಗುತ್ತಿರಲಿಲ್ಲ. ಒಂದು ಪಟ್ಟಿಯ ತುದಿಯಲ್ಲಿ ನಾಲಗೆ ಬಿಟ್ಟು, ಕಾಲಿನಲ್ಲಿ ಕೊರೆದ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುತ್ತಿದ್ದರು. ಆ ಗೂಟ ಕೈಯಲ್ಲಿ ಕೆತ್ತಿದ್ದು, ಪೂರ್ತಿ ಗುಂಡಗಿರಲ್ಲ. ಕಾಲ ಕಳೆದ ಹಾಗೆ ಸುತ್ತಲಿನ ಮರ ಕುಗ್ಗಿ ಗೂಟದ ತಲೆ ಕೂದಲೆಳೆಯಷ್ಟು ಹೊರಗೆ ಬಂದಿರುತ್ತೆ, ಬೆರಳಾಡಿಸಿದರೆ ತಗಲುತ್ತೆ. ನಿಮ್ಮ ಕುರ್ಚಿಯಲ್ಲಿ ಅದು ಎಲ್ಲೂ ಇಲ್ಲ.

ಎಲ್ಲ ಕೂಡಿಸಿ ನೋಡಿದರೆ ನಿಮ್ಮದು 19ನೇ ಶತಮಾನದ ಎರಡನೇ ಅರ್ಧದಲ್ಲಿ, ಹದಿನೈದನೇ ಲೂಯಿ ಶೈಲಿಯಲ್ಲಿ ಮಾಡಿದ ಬೆರ್ಜೇರ್. ಇದನ್ನು ಕೇಳಿ ಬೇಜಾರಾಗಬೇಡಿ. ಇದು ಒಳ್ಳೇ ಕೆಲಸ. ಮುಂದಿನ ಕಾಲಿನ ಅಂಚಿನ ಗೆರೆ ಎಲ್ಲೂ ಕಡಿಯದೆ ಸೀಟಿನ ಪಟ್ಟಿಗೆ ಹತ್ತಿ, ಹೂವಿನ ತನಕ ಹರಿದುಹೋಗಿದೆ ನೋಡಿ. ಅಗ್ಗದ ಕುರ್ಚಿಯಲ್ಲಿ ಆ ಗೆರೆ ಕಾಲು ಪಟ್ಟಿ ಸೇರುವ ಕಡೆ ಮುಗ್ಗರಿಸುತ್ತೆ. ಹೂವಿನ ದಳಗಳ ಅಡಿಯನ್ನೂ ಉಳಿ ಹಾಕಿ ಬಿಡಿಸಿದ್ದಾರೆ, ಸುಮ್ನೆ ಮೇಲೆ ಮೇಲೆ ಗೀಚಿಲ್ಲ. ಕೆತ್ತಿದ ಕೈ ನುರಿತ ಕೈ.

ಈಗ ಬಿಚ್ಚುವ ವಿಷಯ. ನಿಮ್ಮ ಕುರ್ಚಿಯ ಒಳಗಿನ ಮೆತ್ತೆ ಬಹುಶಃ ಮೊದಲಿನದೇ. ಅಂಥದ್ದು ಅಪರೂಪ. ಮೇಲಿನ ವೆಲ್ವೆಟ್ ಬದಲಾಯಿಸಿ, ತೊಂದರೆ ಇಲ್ಲ, ಆದರೆ ಬಿಚ್ಚುವಾಗ ಒಂದೊಂದು ಪದರಕ್ಕೂ ಫೋಟೊ ತೆಗೆಯಿರಿ. ಮೊಳೆಯ ತಲೆಯಡಿ ಹಳೇ ಬಟ್ಟೆಯ ಎಳೆ ಸಿಕ್ಕಿಕೊಂಡಿದ್ದರೆ ಕಿತ್ತು ಬಿಸಾಡದೆ ಲಕೋಟೆಯಲ್ಲಿ ಹಾಕಿಡಿ. ಮೊದಲ ಬಟ್ಟೆಯ ಬಣ್ಣ ಯಾವುದಿತ್ತು ಅಂತ ಹೇಳೋದು ಆ ಎಳೆಯೇ. ಒಳಗಿನ ಕೂದಲು, ಸ್ಪ್ರಿಂಗ್, ಕೈಹೊಲಿಗೆಯ ಅಂಚು ಇವನ್ನು ಮುಟ್ಟದೆ ಕೆಲಸ ಮಾಡುವವರು ಸಿಕ್ಕರೆ ಮಾತ್ರ ಮುಂದುವರಿಯಿರಿ.

ಪ್ರಶ್ನೆ: ನನ್ನ ಹತ್ತಿರ ಚಿನ್ನದ ಬಣ್ಣದ ಒಂದು ಫ್ರೆಂಚ್ ತೋಳುಕುರ್ಚಿ ಇದೆ. ಸೀಟಿನ ಅಡಿಯಲ್ಲಿ ಒಬ್ಬ ಪ್ರಸಿದ್ಧ ತಯಾರಕನ ಹೆಸರು ಒತ್ತಿದ್ದಾರೆ, ಜಾಕೊಬ್ ಅಂತ ಓದಲಿಕ್ಕೆ ಆಗುತ್ತೆ. ಮುದ್ರೆ ಇದ್ದ ಮೇಲೆ ಅಸಲಿ ಅಂತ ತಿಳಿಯಬಹುದಲ್ಲ?

ಉತ್ತರ: ತಿಳಿಯುವ ಹಾಗಿಲ್ಲ. ಮುದ್ರೆಯಿಂದ ತನಿಖೆ ಶುರುವಾಗುತ್ತೆ, ಮುಗಿಯಲ್ಲ.

ಪ್ಯಾರಿಸ್ಸಿನ ಬಡಗಿಗಳ ಸಂಘ ತನ್ನ ಸದಸ್ಯರು ಮಾಡಿದ ಸಾಮಾನಿಗೆ ಹೆಸರು ಒತ್ತಬೇಕು ಅಂತ ನಿಯಮ ಮಾಡಿತ್ತು. 1743ರಲ್ಲಿ ಬರೆದ ಆ ನಿಯಮ ಜಾರಿಗೆ ಬಂದಿದ್ದು 1751ರಲ್ಲಿ. 1791ರಲ್ಲಿ, ಕ್ರಾಂತಿಯ ಕಾಲದಲ್ಲಿ, ಸಂಘಗಳೇ ರದ್ದಾದವು. ತಯಾರಕನ ಹೆಸರಿನ ಜೊತೆ ಕೆಲವು ಸಲ ಜೆ, ಎಂ, ಇ ಅನ್ನೋ ಮೂರು ಅಕ್ಷರ ಕೂಡಿಸಿದ ಸಣ್ಣ ಮುದ್ರೆಯೂ ಇರುತ್ತೆ, ಅದು ಸಂಘದವರು ಪರೀಕ್ಷೆ ಮಾಡಿ ಒತ್ತಿದ್ದು. ಅರಮನೆಗೆ ಕೆಲಸ ಮಾಡುತ್ತಿದ್ದ ಕೆಲವರಿಗೆ ಈ ನಿಯಮದಿಂದ ವಿನಾಯಿತಿ ಇತ್ತು. ಅಂದರೆ ಮುದ್ರೆ ಇಲ್ಲದ ಅಸಲಿ ಕುರ್ಚಿಯೂ ಇದೆ, ಮುದ್ರೆ ಇರುವ ನಕಲಿಯಂತೂ ಬೇಕಾದಷ್ಟು.

ಜಾರ್ಜ್ ಜಾಕೊಬ್ 1765ರಲ್ಲಿ ಸಂಘದ ಮಾಸ್ಟರ್, ಅಂದರೆ ಸ್ವಂತ ಅಂಗಡಿ ನಡೆಸಲು ಸಂಘ ಒಪ್ಪಿದ ಬಡಗಿ, ಆದವರು, 1796ರಲ್ಲಿ ಕಾರ್ಖಾನೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ಅವರ ಮುದ್ರೆಯಲ್ಲಿ ಹೆಸರಿನ ಮೊದಲಕ್ಷರ ಜೆ ಇರೋದಿಲ್ಲ, ಹಳೇ ರೋಮನ್ ಪದ್ಧತಿಯಂತೆ ಐ ಇರುತ್ತೆ. ನಿಮ್ಮದರಲ್ಲಿ ಜೆ ಇದ್ದರೆ ಅಲ್ಲೇ ಅನುಮಾನ ಪಡಿ. ಐ ಇದ್ದರೂ ಭೂತಗನ್ನಡಿ ಹಿಡಿದು ನೋಡಿ. ಹಳೇ ಮುದ್ರೆಯ ಅಕ್ಷರದ ಅಂಚು ಮೆತ್ತಗಾಗಿರುತ್ತೆ, ಗುಂಡಿಯೊಳಗಿನ ಬಣ್ಣ ಸುತ್ತಲಿನ ಮರದ ಬಣ್ಣದಷ್ಟೇ ಕಪ್ಪಾಗಿರುತ್ತೆ. ಗುಂಡಿಯಲ್ಲಿ ತಿಳಿ ಮರ ಕಂಡರೆ, ಅಥವಾ ಬಣ್ಣ ಹಚ್ಚಿ ಕಪ್ಪು ಮಾಡಿದ ಹಾಗೆ ಕಂಡರೆ, ಒತ್ತಿದ್ದು ಇತ್ತೀಚೆಗೆ. ಮುದ್ರೆ ಇರುವ ಪಟ್ಟಿ ಉಳಿದ ಪಟ್ಟಿಗಳಿಗೆ ಹೊಂದುತ್ತಾ ಅಂತಲೂ ನೋಡಿ. ಮುರಿದ ಅಸಲಿ ಕುರ್ಚಿಯಿಂದ ಮುದ್ರೆಯ ಪಟ್ಟಿ ತೆಗೆದು ಬೇರೆ ಕುರ್ಚಿಗೆ ಕೂರಿಸುವ ಚಾಲಾಕಿತನ ಹೊಸದೇನಲ್ಲ.

ಹೆಸರಿನ ಮೇಲೆ ಜಾಸ್ತಿ ಭರವಸೆ ಇಡಬೇಡಿ ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ವರ್ಸೈ ಅರಮನೆಯವರು 18ನೇ ಶತಮಾನದ್ದು ಅಂತ ನಂಬಿ ಕೊಂಡಿದ್ದ ಕೆಲವು ಕುರ್ಚಿಗಳು ನಕಲಿ ಅನ್ನೋ ಅನುಮಾನ 2016ರಲ್ಲಿ ಬಯಲಿಗೆ ಬಂತು. ಮಾಡಿದವರು ಯಾರು? ಆ ಕಾಲದ ಕುರ್ಚಿಗಳ ಬಗ್ಗೆ ಪುಸ್ತಕ ಬರೆದಿದ್ದ ತಜ್ಞರೊಬ್ಬರು, ಜೊತೆಗೆ ಒಬ್ಬ ನುರಿತ ಕೆತ್ತನೆಗಾರ. 2025ರಲ್ಲಿ ಕೋರ್ಟ್ ಅವರನ್ನು ತಪ್ಪಿತಸ್ಥರೆಂದು ಹೇಳಿತು. ಅರಮನೆಯ ಪಂಡಿತರೇ ಮೋಸ ಹೋದರು ಅಂದ ಮೇಲೆ ನಾವು ಒಂದು ಮುದ್ರೆ ನೋಡಿ ಕುಣಿಯೋದು ಬೇಡ.

ಚಿನ್ನದ ಬಣ್ಣ ಅಂದಿರಿ. ಅದು ರೇಕೋ, ಅಂದರೆ ಅಂಟಿಸಿದ ತೆಳು ಚಿನ್ನದ ಹಾಳೆಯೋ, ಇಲ್ಲಾ ಬಣ್ಣವೋ? ಅಸಲಿ ಚಿನ್ನದ ರೇಕಾದರೆ ಸವೆದ ಅಂಚುಗಳಲ್ಲಿ ಅದರಡಿ ಕೆಮ್ಮಣ್ಣಿನ ಪದರ, ಅದರಡಿ ಬಿಳಿ ಸುಣ್ಣದ ಪದರ ಇಣುಕುತ್ತೆ. ರೇಕು ಮಂಕಾಗಬಹುದು, ಕಪ್ಪಾಗಲ್ಲ. ಕಂಚಿನ ಪುಡಿ ಕಲಸಿದ ಬಣ್ಣ ಹಚ್ಚಿದ್ದರೆ ವರ್ಷ ಕಳೆದ ಹಾಗೆ ಕಂದಾಗಿ, ಹಸಿರು ಛಾಯೆಗೆ ತಿರುಗುತ್ತೆ. ಒಳ್ಳೇ ರೇಕಿನ ಮೇಲೆ ಯಾರೋ ಕಂಚಿನ ಬಣ್ಣ ಬಳಿದಿರೋದೂ ಉಂಟು. ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ, ಆ ಸುಣ್ಣದ ಪದರಕ್ಕೂ ಕೆಮ್ಮಣ್ಣಿಗೂ ನೀರಾಗಲ್ಲ. ಒಂದು ಸಲ ಒರೆಸಿದರೆ ಇನ್ನೂರು ವರ್ಷದ ಚಿನ್ನ ನಿಮ್ಮ ಬಟ್ಟೆಯಲ್ಲಿರುತ್ತೆ.

ಪ್ರಶ್ನೆ: ನಾನು ನೋಡಿದ ಕುರ್ಚಿಯಲ್ಲಿ ತುಂಬ ಹುಳದ ತೂತುಗಳಿವೆ. ಮಾರುವವರು ಇದೇ ಹಳೇದು ಅನ್ನೋದಕ್ಕೆ ಸಾಕ್ಷಿ ಅನ್ನುತ್ತಾರೆ. ಹೌದಾ?

ಉತ್ತರ: ಹುಳಕ್ಕೆ ಇಸವಿ ಗೊತ್ತಿಲ್ಲ. ಐದು ವರ್ಷದ ಮರವನ್ನೂ ತಿನ್ನುತ್ತೆ.

ಆದರೆ ತೂತಿನ ಆಕಾರ ನೋಡಿ. ಕುಟ್ಟೆ ಹುಳ ಮರದೊಳಗೆ ಅಂಕುಡೊಂಕಾಗಿ ಸುರಂಗ ಕೊರೆದು, ಕೊನೆಗೆ ಹೊರಗೆ ಬರುವಾಗ ಮಾತ್ರ ಮೈಮೇಲೆ ಗುಂಡನೆಯ ಪುಟ್ಟ ತೂತು ಬಿಡುತ್ತೆ. ಹೊರಮೈಯಲ್ಲಿ ಗುಂಡು ತೂತಿನ ಬದಲು ಉದ್ದಕ್ಕೆ ಸೀಳಿದ ಸುರಂಗವೇ ಕಾಲುವೆಯಂತೆ ಕಾಣುತ್ತಿದ್ದರೆ, ಹುಳ ತಿಂದ ಮೇಲೆ ಆ ಮರವನ್ನು ಕೊಯ್ದಿದ್ದಾರೆ ಅಂತ ಅರ್ಥ. ಅಂದರೆ ಹಳೇ ಮರ ತಂದು ಹೊಸ ಕಾಲೋ ಪಟ್ಟಿಯೋ ಮಾಡಿದ್ದಾರೆ. ಮಾರುವವರು ತೋರಿಸಿದ ಸಾಕ್ಷಿ ಅವರಿಗೇ ತಿರುಗಿಬೀಳೋದು ಇಲ್ಲೇ.

ತೂತಿನಿಂದ ತಿಳಿ ಬಣ್ಣದ ಪುಡಿ ಉದುರುತ್ತಿದೆಯಾ ಅಂತಲೂ ನೋಡಿ. ಅಡಿಗೆ ಕಪ್ಪು ಕಾಗದ ಹಾಸಿ ಒಂದೆರಡು ವಾರ ಬಿಟ್ಟರೆ ಗೊತ್ತಾಗುತ್ತೆ. ಪುಡಿ ಬಿದ್ದರೆ ಹುಳ ಜೀವಂತ ಇರಬಹುದು, ಬೇರೆ ಸಾಮಾನಿನ ಹತ್ತಿರ ಇಡಬೇಡಿ. ಬಟ್ಟೆಯಡಿಯ ಚೌಕಟ್ಟು ಸಾಮಾನ್ಯವಾಗಿ ಬೀಚ್ ಮರದ್ದು, ಹೊರಗೆ ಕಾಣುವ ಕಾಲು ಮಹಾಗನಿಯೋ ಅಕ್ರೋಟವೋ ಆಗಿದ್ದರೂ ಸರಿ. ಹುಳಕ್ಕೆ ಬೀಚ್ ಅಂದರೆ ಪ್ರಾಣ. ಮೇಲೆ ಲಕ್ಷಣವಾಗಿ ಕಾಣುವ ಕುರ್ಚಿಯ ಒಳಗಿನ ಪಟ್ಟಿಗಳು ಪೂರ್ತಿ ಟೊಳ್ಳಾಗಿರಬಹುದು. ಕೊಳ್ಳುವ ಮುಂಚೆ ಪಟ್ಟಿಯನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ.

ಪ್ರಶ್ನೆ: ಇಂಗ್ಲಿಷ್ ಕುರ್ಚಿ, ಎತ್ತರದ ಒರಗು, ಕಿವಿಯ ಹತ್ತಿರ ಎರಡು ರೆಕ್ಕೆ. ಚಿಪ್ಪೆಂಡೇಲ್ ಕುರ್ಚಿ ಅಂತ ಹೇಳಿ ಕೊಟ್ಟರು. ಮುಂದಿನ ಕಾಲು ಮಹಾಗನಿ. ಇದನ್ನು ಹೇಗೆ ಪರೀಕ್ಷಿಸಲಿ?

ಉತ್ತರ: ಲಂಡನ್ನಿನ ಬಡಗಿ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳ ಪುಸ್ತಕ ಅಚ್ಚು ಹಾಕಿಸಿದ. ಅದನ್ನು ನೋಡಿ ಊರೂರಿನ ಬಡಗಿಗಳು ಕುರ್ಚಿ ಮಾಡಿದರು. ಹಾಗಾಗಿ ಚಿಪ್ಪೆಂಡೇಲ್ ಅನ್ನೋದು ಈಗ ಬರೀ ಶೈಲಿಯ ಹೆಸರು. ಅವನ ಅಂಗಡಿಯಿಂದಲೇ ಬಂದಿದ್ದು ಅನ್ನಬೇಕಾದರೆ ಆ ಕಾಲದ ಬಿಲ್ಲು, ಮನೆತನದ ಲೆಕ್ಕದ ಪುಸ್ತಕ ಅಂಥದ್ದೇನಾದರೂ ಬೇಕು. ಅದಿಲ್ಲದೆ ಹೇಳಿದರೆ ಬಾಯಿಮಾತು.

ರೆಕ್ಕೆ ಕುರ್ಚಿಯಲ್ಲಿ ಕಷ್ಟ ಏನಂದರೆ ಮರ ಕಾಣೋದು ಕಾಲಷ್ಟೇ, ಉಳಿದದ್ದೆಲ್ಲ ಬಟ್ಟೆಯೊಳಗೆ. ಹಳೇ ಕಾಲು, ಹೊಸ ಮೈ ಮಾಡಿ ಮಾರೋದು ಸುಲಭ. ಮುಂಗಾಲು ಸೀಟಿನ ಚೌಕಟ್ಟಿಗೆ ಸೇರುವ ಜಾಗ ನೋಡಿ. ಕಾಲಿನ ಮೇಲ್ತುದಿಯ ಮರ ಚೌಕಟ್ಟಿನ ಮೂಲೆಯವರೆಗೂ ಒಂದೇ ತುಂಡಾಗಿ ಹೋಗಿರಬೇಕು. ನಡುವೆ ಕತ್ತರಿಸಿ ಜೋಡಿಸಿದ್ದರೆ, ಅಥವಾ ಕಾಲನ್ನು ಅಡಿಯಿಂದ ಸ್ಕ್ರೂ ಹಾಕಿ ಕೂರಿಸಿದ್ದರೆ ಹುಷಾರು. ಹಿಂಗಾಲಿನ ಪಾದ ಹಿಂದಕ್ಕೆ ಎಳೆದೆಳೆದು ಸವೆದಿದೆಯಾ, ಸವೆತ ಒಂದು ಕಡೆಗೆ ಓರೆಯಾಗಿದೆಯಾ ಅಂತ ನೋಡಿ. ನಾಲ್ಕೂ ಪಾದ ಒಂದೇ ಸಮ ಸವೆದಿದ್ದರೆ ಮರಳುಕಾಗದದ ಕೈವಾಡ ಇರಬಹುದು.

ಚೌಕಟ್ಟಿನಲ್ಲಿ ಎಷ್ಟು ತಲೆಮಾರಿನ ಮೊಳೆ ತೂತು ಇದೆ ಅನ್ನೋದೂ ಮುಖ್ಯ. 18ನೇ ಶತಮಾನದ ಪಟ್ಟಿಯಾದರೆ ಒಂದರ ಮೇಲೊಂದು ಬಟ್ಟೆ ಹೊಡೆದು ಹೊಡೆದು ಜರಡಿ ಆಗಿರುತ್ತೆ. ಪಟ್ಟಿ ನೀಟಾಗಿ ಒಂದೇ ಸಾಲು ತೂತು ಇಟ್ಟುಕೊಂಡಿದ್ದರೆ ಅದಕ್ಕೆ ಅಷ್ಟು ವಯಸ್ಸಾಗಿಲ್ಲ. ನಕ್ಷತ್ರದ ಸೀಳಿನ ಸ್ಕ್ರೂ ಕಂಡರೆ ಅದು 1930ರ ದಶಕದ ಈಚಿನದು, ರಿಪೇರಿಗೆ ಹಾಕಿದ್ದೂ ಇರಬಹುದು. ಪ್ಲೈವುಡ್ ಕಂಡರೆ ಮಾತ್ರ ಜಾಸ್ತಿ ಯೋಚನೆ ಬೇಡ, ಎದ್ದು ಬನ್ನಿ.

ಪ್ರಶ್ನೆ: ಚಕ್ರ ಇರುವ, ತುಂಬ ಆಳದ ಸೀಟಿನ ಮೆತ್ತೆ ಕುರ್ಚಿ. ಕೆತ್ತನೆ ಏನೂ ಇಲ್ಲ. ಇಂಥದ್ದಕ್ಕೂ ಬೆಲೆ ಇರುತ್ತಾ?

ಉತ್ತರ: ಇರುತ್ತೆ, ಕೆಲವು ಸಲ ಕೆತ್ತನೆಯದ್ದಕ್ಕಿಂತ ಜಾಸ್ತಿ. ಹಿತ್ತಾಳೆಯ ಚಕ್ರದ ಮೇಲೆ ಹೆಸರೇನಾದರೂ ಇದೆಯಾ ನೋಡಿ. ಹಿಂಗಾಲಿನ ಒಳಮೈಯಲ್ಲೂ ಹುಡುಕಿ. ಲಂಡನ್ನಿನ ಬರ್ನರ್ಸ್ ಬೀದಿಯ ಹೋವರ್ಡ್ ಅಂಡ್ ಸನ್ಸ್‌ನವರು ಹಿಂಗಾಲಿಗೆ ಹೆಸರು ಮತ್ತು ನಂಬರ್ ಒತ್ತುತ್ತಿದ್ದರು, ಚಕ್ರದ ಮೇಲೂ ಹೆಸರು ಇರುತ್ತಿತ್ತು. ಅವರ ಕುರ್ಚಿಗಳಿಗೆ ಹುಡುಕಾಡುವವರು ಈಗಲೂ ಇದ್ದಾರೆ. ಆದರೆ ಚಕ್ರವನ್ನು ಬಿಚ್ಚಿ ಬೇರೆ ಕುರ್ಚಿಗೆ ಹಾಕೋದು ಎರಡು ನಿಮಿಷದ ಕೆಲಸ, ಕಾಲಿನ ಮುದ್ರೆಯೂ ಹೊಂದಿದರೆ ಮಾತ್ರ ಖುಷಿಪಡಿ.

ಪ್ರಶ್ನೆ: ಕುದುರೆ ಕೂದಲಿನ ಮೆತ್ತೆ ಕುಸಿದಿದೆ, ನವಾರು ಜೋತುಬಿದ್ದಿದೆ. ಫೋಮ್ ಹಾಕಿಸಿದರೆ ಏನು ತಪ್ಪು? ಅದು ಕುದುರೆ ಕೂದಲೇ ಅಂತ ಹೇಗೆ ಗೊತ್ತಾಗುತ್ತೆ?

ಉತ್ತರ: ಎರಡನೇದಕ್ಕೆ ಮೊದಲು ಉತ್ತರ. ಒಂದು ಎಳೆ ಹೊರಗೆ ಎಳೆದು, ಕುರ್ಚಿಯಿಂದ ದೂರ ಒಯ್ದು, ಬೆಂಕಿ ತಾಗಿಸಿ. ಕೂದಲಾದರೆ ಸುಟ್ಟ ಕೂದಲಿನ ವಾಸನೆ, ಮುಟ್ಟಿದರೆ ಪುಡಿಯಾಗುವ ಕರಿ ಉಂಡೆ. ತೆಂಗಿನ ನಾರೋ ಹುಲ್ಲೋ ಆದರೆ ಕಾಗದ ಸುಟ್ಟ ವಾಸನೆ, ಬೂದಿ. ಒಳ್ಳೇ ಕುದುರೆ ಕೂದಲು ಸುರುಳಿ ಸುರುಳಿಯಾಗಿರುತ್ತೆ. ಹಗ್ಗದ ಹಾಗೆ ಹೊಸೆದು, ಕುದಿಸಿ, ಒಣಗಿಸಿ, ಆಮೇಲೆ ಬಿಡಿಸಿದ್ದರಿಂದ ಬಂದ ಸುರುಳಿ ಅದು. ಒತ್ತಿ ಬಿಟ್ಟರೆ ಮೇಲೇಳುತ್ತೆ. ಅದಕ್ಕೇ ಅಷ್ಟು ವರ್ಷ ಬಾಳಿಕೆ ಬರೋದು.

ಕುಸಿದಿದ್ದು ಕೂದಲಲ್ಲ, ನವಾರು. ಹತ್ತರಲ್ಲಿ ಒಂಬತ್ತು ಸಲ ಹೀಗೇ. ಕೆಳಗಿನಿಂದ ನವಾರು ಬದಲಾಯಿಸಿ, ಸ್ಪ್ರಿಂಗ್‌ಗಳನ್ನು ಮತ್ತೆ ಹುರಿಯಿಂದ ಎಳೆದು ಕಟ್ಟಿದರೆ ಸೀಟು ಎದ್ದು ಕೂರುತ್ತೆ. ಕೂದಲನ್ನು ತೆಗೆದು, ತೊಳೆದು, ಒಣಗಿಸಿ, ಕೈಯಲ್ಲಿ ಬಿಡಿಸಿ ಅದನ್ನೇ ತುಂಬಬಹುದು.

ಫೋಮ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ರಬ್ಬರ್ ಹಾಲಿನ ಫೋಮನ್ನು ಡನ್‌ಲಪ್‌ನವರು ಮಾಡಿದ್ದು 1929ರಲ್ಲಿ. ಈಗ ಎಲ್ಲರೂ ಹಾಕುವ ಪಾಲಿಯುರೆಥೇನ್ ಫೋಮ್ ಹೆಚ್ಚಾಗಿ ಬಳಕೆಗೆ ಬಂದಿದ್ದು 1950ರ ದಶಕದಲ್ಲಿ. ಕೆಲವೇ ವರ್ಷಕ್ಕೆ ಹಳದಿಯಾಗಿ, ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತೆ. ಅದಕ್ಕಿಂತ ನೋವಿನ ಸಂಗತಿ ಆಕಾರದ್ದು. ಹಳೇ ಕುರ್ಚಿಯ ಸೀಟಿನ ಅಂಚನ್ನು ಉದ್ದ ಸೂಜಿಯಿಂದ ಸಾಲು ಸಾಲು ಹೊಲಿದು ಗಟ್ಟಿ ಮಾಡಿರುತ್ತಾರೆ, ಅದರಿಂದಲೇ ಆ ಚೂಪಾದ, ನೇರವಾದ ಗೆರೆ ಬರೋದು. ಫೋಮ್ ಹಾಕಿದರೆ ಊದಿಕೊಂಡ ದುಂಡು ಅಂಚು ಬರುತ್ತೆ, ಕೆತ್ತನೆಯ ಪಟ್ಟಿಯ ಮೇಲೆ ಜೋತುಬಿದ್ದ ಹಾಗೆ ಕಾಣುತ್ತೆ. ಸಾಲದ್ದಕ್ಕೆ ಸ್ಟೇಪಲ್ ಗನ್ನಿನಿಂದ ಪಟಪಟ ಹೊಡೆದು ಹೋಗುತ್ತಾರೆ. ಅದನ್ನು ಮತ್ತೆ ಕೀಳುವಾಗ ಹಳೇ ಮರ ಸಿಪ್ಪೆ ಸಿಪ್ಪೆಯಾಗಿ ಏಳುತ್ತೆ.

ಪ್ರಶ್ನೆ: ಹಸ್ತದಿಂದ ಹೆಣೆದ ಚಿತ್ರದ ಬಟ್ಟೆ ಇದೆ, ಇದು ಹಳೇದಾ?

ಉತ್ತರ: ಹಿಂಬದಿ ನೋಡಿ. ಹೊರಗಿನ ಬಣ್ಣ ಮಾಸಿ, ಹಿಂಬದಿಯ ಬಣ್ಣ ಗಾಢವಾಗಿದ್ದರೆ ಒಳ್ಳೇ ಲಕ್ಷಣ. ಎರಡೂ ಒಂದೇ ಸಮ ಮಾಸಿದ್ದರೆ ಬಣ್ಣವೇ ಹಾಗೆ ಹಾಕಿ ಹಳೇದು ಮಾಡಿರಬಹುದು. ಕಣ್ಣಿಗೆ ಹೊಡೆಯುವ ನೇರಳೆ ಇದ್ದರೆ ಅದು 1856ರ ನಂತರದ್ದೇ ಇರಬೇಕು, ರಾಸಾಯನಿಕ ಬಣ್ಣದ ಕಥೆ ಶುರುವಾಗಿದ್ದೇ ಆ ವರ್ಷ, ವಿಲಿಯಂ ಪರ್ಕಿನ್ ನೇರಳೆ ಬಣ್ಣ ಕಂಡುಹಿಡಿದ ಮೇಲೆ.

ಪ್ರಶ್ನೆ: ಎಲ್ಲ ಪರೀಕ್ಷೆಯಲ್ಲೂ ಪಾಸಾದ ಮೇಲೂ ಎರಡು ಕುರ್ಚಿಗಳ ಬೆಲೆ ಒಂದೇ ಇರಲ್ಲ ಯಾಕೆ? ಯಾವುದು ಜಾಸ್ತಿ ಲೆಕ್ಕಕ್ಕೆ ಬರುತ್ತೆ?

ಉತ್ತರ: ಮೊದಲು ಚೌಕಟ್ಟು. ಕಾಲು ಮೊಟಕು ಮಾಡಿಲ್ಲ, ಪಟ್ಟಿ ಬದಲಾಗಿಲ್ಲ, ಕೈ ಆಮೇಲೆ ಸೇರಿಸಿದ್ದಲ್ಲ ಅನ್ನೋದು ಖಾತ್ರಿ ಆಗಬೇಕು. ಕೈ ಇಲ್ಲದ ಊಟದ ಕುರ್ಚಿಗೆ ಕೈ ಜೋಡಿಸಿ ತೋಳುಕುರ್ಚಿ ಮಾಡೋದು ಹಳೇ ತಂತ್ರ. ಹುಟ್ಟಾ ತೋಳುಕುರ್ಚಿಯ ಸೀಟು ಅದೇ ಸೆಟ್ಟಿನ ಬೇರೆ ಕುರ್ಚಿಗಿಂತ ಸುಮಾರು ಐದು ಸೆಂಟಿಮೀಟರ್ ಆದರೂ ಅಗಲ ಇರುತ್ತೆ. ಕೂತಾಗ ಮೊಣಕೈ ಒತ್ತಿಕೊಂಡಂತಾದರೆ ಟೇಪು ತೆಗೆಯಿರಿ.

ಆಮೇಲೆ ಜೋಡಿ. ಒಂದು ಕುರ್ಚಿಗಿಂತ ಅಸಲಿ ಜೋಡಿಯ ಬೆಲೆ ದುಪ್ಪಟ್ಟಿಗಿಂತ ಎಷ್ಟೋ ಜಾಸ್ತಿ. ಪಟ್ಟಿಯ ಒಳಗೆ ಉಳಿಯಿಂದ ಗೀರಿದ ರೋಮನ್ ಅಂಕಿ ಇದ್ದರೆ ಅದೊಂದು ಸೆಟ್ಟಿನದು ಅಂತ ಸೂಚನೆ. ಮೂರು ಅಂತ ಗೀರಿದ್ದರೆ ಇನ್ನೆರಡು ಎಲ್ಲೋ ಇತ್ತು.

ಕೊನೆಗೆ ಯಾರ ಮನೆಯಿಂದ ಬಂತು ಅನ್ನೋದು. ವಿನ್ಯಾಸಕಿ ಐಲೀನ್ ಗ್ರೇ ಮಾಡಿದ ಡ್ರ್ಯಾಗನ್ ಕೆತ್ತನೆಯ ಒಂದು ಚರ್ಮದ ತೋಳುಕುರ್ಚಿ 2009ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ 2 ಕೋಟಿ ಯೂರೋಗೂ ಜಾಸ್ತಿಗೆ ಹೋಯಿತು. ಆ ಕುರ್ಚಿಗೆ ಆಗ ನೂರು ವರ್ಷವೂ ತುಂಬಿರಲಿಲ್ಲ. ಕುರ್ಚಿ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಫ್ಯಾಷನ್ ದೊರೆ ಈವ್ ಸಾನ್ ಲೊರಾನ್ ಸಂಗ್ರಹದ್ದು ಅನ್ನೋದಕ್ಕೆ ಬಿದ್ದ ಕೂಗೂ ಅದರಲ್ಲಿ ಸೇರಿತ್ತು. ನಿಮ್ಮ ಮನೆಯ ಕುರ್ಚಿಗೂ ಹಳೇ ರಸೀದಿ, ಅದರಲ್ಲಿ ಯಾರೋ ಕೂತಿರುವ ಹಳೇ ಫೋಟೊ ಇದ್ದರೆ ಎತ್ತಿಡಿ.

ಪ್ರಶ್ನೆ: ಇಂಥ ಕುರ್ಚಿಯಲ್ಲಿ ದಿನಾ ಕೂರಬಹುದಾ, ಇಲ್ಲಾ ಗಾಜಿನ ಹಿಂದೆ ಇಡಬೇಕಾ?

ಉತ್ತರ: ಕೂರಿ. ಕೀಲು ಅಲ್ಲಾಡದಿದ್ದರೆ, ಹುಳ ಇಲ್ಲದಿದ್ದರೆ ಧಾರಾಳವಾಗಿ ಕೂರಿ. ಕೈಯ ಮೇಲೆ ಮಾತ್ರ ಯಾರನ್ನೂ ಕೂರಿಸಬೇಡಿ, ಹಿಂಗಾಲ ಮೇಲೆ ಒರಗಿಸಿ ತೂಗಬೇಡಿ. ಬಿಸಿಲು ನೇರ ಬೀಳುವ ಕಿಟಕಿಯಿಂದ ದೂರ ಇಡಿ. ಬಟ್ಟೆಯ ಮೇಲಿನ ಧೂಳಿಗೆ ವ್ಯಾಕ್ಯೂಮಿನ ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ ಸಣ್ಣಗೆ ಎಳೆಯಿರಿ, ಸಡಿಲ ಎಳೆಗಳು ಒಳಗೆ ಹೋಗಲ್ಲ.